ಮೊದಲು ನಿಲ್ಲಲು ಕಲಿತೆ, ಆಮೇಲೆ ಇಳಿದೆ

ಇವತ್ತು ಬೆಳಿಗ್ಗೆ ತೂಕದ ಯಂತ್ರ ತೋರಿಸಿದ್ದು 67.4 ಕೆ.ಜಿ. ಮೂರೂವರೆ ವರ್ಷದಿಂದ ನಾನು 66 ಮತ್ತು 68.5ರ ನಡುವೆ ಇದ್ದೇನೆ. ಮೇಲಿನ ಗೆರೆ ದಾಟಿದ್ದು ಎರಡೇ ಸಲ, ಎರಡು ಸಲವೂ ಮೂರು ವಾರದಲ್ಲಿ ಒಳಗೆ ಬಂದಿದ್ದೇನೆ. ಶುರುವಿನಲ್ಲಿ 84ರ ಆಸುಪಾಸಿನಲ್ಲಿದ್ದೆ. ಇಳಿಸುವ ಮೊದಲು ಇದ್ದ ತೂಕದಲ್ಲೇ ನಿಲ್ಲಲು ಕಲಿಯುತ್ತೇನೆ ಎಂದಾಗ, ಇದು ಆಗುವ ಕೆಲಸವಲ್ಲ ಎಂದು ಹೇಳಿದವರು ಮೂವರು: ನನ್ನ ಅಕ್ಕ, ಜಿಮ್ಮಿನ ತರಬೇತುದಾರ ಮತ್ತು ದುಡ್ಡು ತೆಗೆದುಕೊಂಡು ಊಟದ ಪಟ್ಟಿ ಬರೆದುಕೊಟ್ಟಿದ್ದ ಆಹಾರ ಸಲಹೆಗಾರ್ತಿ. ಅಕ್ಕ ಹೋದ ತಿಂಗಳು ಬಂದು ನನ್ನ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದುಕೊಂಡು ಹೋದಳು. ಆಗಲೇ ಇದನ್ನು ಬರೆಯಬೇಕು ಅನ್ನಿಸಿತು.

ಕ್ಯಾಲೊರಿ, ಪ್ರೋಟೀನ್, ನಾರಿನಂಶ ಇವನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ನಾಲ್ಕು ಡಯಟ್ ಮಾಡಿ ಸೋತ ಯಾವ ಹೆಂಗಸಿಗಾದರೂ ಅವು ಬಾಯಿಪಾಠ. ತೂಕ ಇಳಿಸುವುದೂ ನಮಗೆ ಚೆನ್ನಾಗಿಯೇ ಗೊತ್ತು. ನಾನೇ ಐದು ಸಲ ಇಳಿಸಿದ್ದೆ, ಒಮ್ಮೆ ನಾಲ್ಕು ತಿಂಗಳಲ್ಲಿ 11 ಕೆ.ಜಿ. ಆದರೆ ಇಳಿದ ಮರುದಿನದಿಂದ ಏನು ಮಾಡಬೇಕು ಎಂಬುದನ್ನು ಯಾವ ಪಟ್ಟಿಯೂ ಹೇಳಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ತೂಕ ವಾಪಸು ಬರುತ್ತಿತ್ತು, ಬರುವಾಗ ಒಂದೆರಡು ಕಿಲೋ ಹೆಚ್ಚೇ ತರುತ್ತಿತ್ತು.

ಮೊದಲು ಸೋಲುಗಳ ಲೆಕ್ಕ. ಎರಡನೇ ಹೆರಿಗೆಯ ನಂತರದ ಒಂಬತ್ತು ವರ್ಷಗಳಲ್ಲಿ ಈ ಕೆಲಸಕ್ಕೆ ಸುರಿದ ಹಣವನ್ನು ಒಂದು ಸಂಜೆ ಕೂತು ಕೂಡಿಸಿದೆ. ಹೆಚ್ಚು ಕಡಿಮೆ ನನ್ನ ನಾಲ್ಕು ತಿಂಗಳ ಸಂಬಳ. ಅದರಲ್ಲಿ ದೊಡ್ಡ ಪಾಲು ಜಿಮ್ಮಿನದು. ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಎರಡು ಸಲ ಕಟ್ಟಿದೆ. ಮೊದಲ ವರ್ಷ ಹೋದದ್ದು 19 ದಿನ, ಎರಡನೆಯದರಲ್ಲಿ ಸುಮಾರು 30. ಊಟದ ಬದಲು ಕುಡಿಯುವ ಪುಡಿಗೆ ತಿಂಗಳಿಗೆ ಮನೆಯ ದಿನಸಿ ಖರ್ಚಿನ ಅರ್ಧಕ್ಕಿಂತ ಹೆಚ್ಚು ಹೋಗುತ್ತಿತ್ತು, ಮೂರು ತಿಂಗಳು ಕುಡಿದೆ. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇದರಲ್ಲಿ ಬಟ್ಟೆಯ ಖರ್ಚು ಸೇರಿಲ್ಲ. ಬೀರುವಿನಲ್ಲಿ ಮೂರು ಅಳತೆಯ ಬಟ್ಟೆಗಳಿದ್ದವು, ಮೂರಕ್ಕೂ ದುಡ್ಡು ಕೊಟ್ಟವಳು ನಾನೇ.

ದುಡ್ಡಿಗಿಂತ ದುಬಾರಿಯಾದದ್ದು ದಿನಕ್ಕೆ 900 ಕ್ಯಾಲೊರಿಯ ಆ ಡಯಟ್. ಏಳು ವಾರ ಎಳೆದೆ, 8 ಕೆ.ಜಿ. ಇಳಿಯಿತು. ಕಚೇರಿಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಎರಡು ತಿಂಗಳು ಮುಟ್ಟು ನಿಂತಿತು. ಡಯಟ್ ಬಿಟ್ಟ ಮೇಲೆ, ಸುಮಾರು ಮೂರನೇ ತಿಂಗಳಿಗೆ, ಕೂದಲು ಉದುರಲು ಶುರುವಾಯಿತು. ಬಾಚಣಿಗೆಯಲ್ಲಿ ಸುತ್ತಿಕೊಂಡ ಕೂದಲನ್ನು ಉಂಡೆ ಮಾಡಿ ಕಿಟಕಿಯ ಮೇಲಿಟ್ಟರೆ ಒಂದು ವಾರಕ್ಕೆ ನಿಂಬೆಹಣ್ಣಿನಷ್ಟಾಗುತ್ತಿತ್ತು. ವೈದ್ಯರು ಥೈರಾಯ್ಡ್ ಮತ್ತು ಕಬ್ಬಿಣಾಂಶ ಪರೀಕ್ಷಿಸಿದರು. ಥೈರಾಯ್ಡ್ ಸರಿಯಿತ್ತು, ಕಬ್ಬಿಣ ಪಾತಾಳದಲ್ಲಿತ್ತು. ದೇಹಕ್ಕೆ ಬರಗಾಲ ತಂದು ಕೂದಲನ್ನು ತೆತ್ತೆ, ತೂಕ ಮಾತ್ರ ವರ್ಷದೊಳಗೆ ಪೂರ್ತಿ ವಾಪಸು ಬಂತು. ನನ್ನ ಮಾತು ಕೇಳುವವರಿದ್ದರೆ ಇದೊಂದನ್ನು ಯಾರೂ ಮಾಡಬೇಡಿ.

ಅದಾದ ಮೇಲೆ ಹಳೆಯ ನೋಟ್‌ಬುಕ್‌ಗಳನ್ನೆಲ್ಲ ಹರಡಿಕೊಂಡು ನೋಡಿದೆ. ಇಳಿಯುವ ಅಂಕಿಗಳು ಪುಟಗಟ್ಟಲೆ ಇದ್ದವು. ಒಂದೇ ತೂಕದಲ್ಲಿ ಎರಡು ತಿಂಗಳು ನಿಂತದ್ದು ಒಂದು ಕಡೆಯೂ ಇರಲಿಲ್ಲ. ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ನಿಂತಿರಲಿಲ್ಲ, ಒಂದೋ ಇಳಿಯುತ್ತಿದ್ದೆ, ಇಲ್ಲವೇ ಏರುತ್ತಿದ್ದೆ. ಕಲಿಯದ ವಿದ್ಯೆಯನ್ನು ಮೊದಲು ಕಲಿಯೋಣ ಎಂದು ತೀರ್ಮಾನಿಸಿದೆ. ಹತ್ತು ವಾರ ತೂಕ ಇಳಿಸುವುದಿಲ್ಲ, 84ರಲ್ಲೇ ನಿಲ್ಲುತ್ತೇನೆ. ಮೇಲೆ ಒಂದೂಕಾಲು ಕಿಲೋ, ಕೆಳಗೆ ಒಂದೂಕಾಲು ಕಿಲೋ, ಅಷ್ಟೇ ಜಾಗ.

ಅಕ್ಕ ಕೇಳಿದಳು, "ಡಯಟ್ ಅನ್ನುತ್ತೀಯ, ಇಳಿಸುವುದಿಲ್ಲ ಅನ್ನುತ್ತೀಯ. ಸುಮ್ಮನಿದ್ದರೂ ಅಲ್ಲೇ ಇರುತ್ತೀಯಲ್ಲೇ, ಅದಕ್ಕೆ ನೋಟ್‌ಬುಕ್ ಬೇರೆ ಏಕೆ?" ತರಬೇತುದಾರ ನೇರವಾಗಿಯೇ, ಇದು ಸೋಮಾರಿಗಳ ದಾರಿ ಎಂದ. ಸಲಹೆಗಾರ್ತಿಯ ಬಳಿ ಮತ್ತೆ ಹೋಗಲಿಲ್ಲ. ಅಕ್ಕನಿಗೆ ತೋರಿಸಲು ನನ್ನ ಬಳಿ ಇದ್ದದ್ದು ಒಂದೇ ಆಧಾರ: 2013ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನ. 267 ಹೆಂಗಸರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ಮೊದಲ 8 ವಾರ ತೂಕವನ್ನು ಇದ್ದಲ್ಲೇ ನಿಲ್ಲಿಸಲು ಕಲಿತು, ಆಮೇಲೆ 20 ವಾರ ಇಳಿಸಿತು. ಇನ್ನೊಂದು ಗುಂಪು ಮೊದಲು ಇಳಿಸಿ, ಆಮೇಲೆ ನಿಲ್ಲುವುದನ್ನು ಕಲಿಯಿತು. ಇಳಿದದ್ದು ಎರಡೂ ಗುಂಪಿನವರಿಗೆ ಸರಿಸುಮಾರು ಅಷ್ಟೇ. ಆದರೆ ಮುಂದಿನ ಒಂದು ವರ್ಷದಲ್ಲಿ ನಿಲ್ಲಲು ಮೊದಲು ಕಲಿತವರಿಗೆ ವಾಪಸು ಬಂದದ್ದು ಸರಾಸರಿ 3 ಪೌಂಡ್ (ಸುಮಾರು 1.4 ಕೆ.ಜಿ.), ಉಳಿದವರಿಗೆ 7 ಪೌಂಡ್ (ಮೂರು ಕಿಲೋಗಿಂತ ತುಸು ಹೆಚ್ಚು). ಅಕ್ಕ ಕೇಳಿಸಿಕೊಂಡು, "ಅವರೆಲ್ಲ ಬೇರೆ, ನೀನು ಬೇರೆ" ಎಂದು ಎದ್ದು ಹೋದಳು.

ಆ ಹತ್ತು ವಾರ ಸುಲಭವಾಗಿರಲಿಲ್ಲ. ಮೂರನೇ ವಾರ ತೂಕ ತಾನಾಗಿ 82.5ಕ್ಕೆ ಬಂತು. ಹಳೆಯ ನಾನಾಗಿದ್ದರೆ ಕುಣಿದಾಡಿ ರಾತ್ರಿಯ ಊಟವನ್ನೂ ಬಿಡುತ್ತಿದ್ದೆ. ನಿಯಮದ ಪ್ರಕಾರ ಒಂದಿಷ್ಟು ಹೆಚ್ಚು ತಿಂದು ವಾಪಸು ಗೆರೆಯೊಳಗೆ ಬರಬೇಕಿತ್ತು. ತಟ್ಟೆಗೆ ಇನ್ನೊಂದು ಸೌಟು ಹಾಕಿಕೊಳ್ಳುವಾಗ ಕೈ ನಿಜವಾಗಿಯೂ ನಡುಗಿತು. ಹೆದರಿಕೆಗೆ, ಹಟಕ್ಕೆ ಬಗ್ಗದೆ, ಲೆಕ್ಕ ನೋಡಿ ತಿಂದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಯಂತ್ರದ ಮಾತು. ಹೊಸ ಯಂತ್ರಕ್ಕೆ ಆದ ಖರ್ಚು ಮನೆಮಂದಿಯೆಲ್ಲ ಒಮ್ಮೆ ಹೊರಗೆ ಊಟ ಮಾಡಿದಷ್ಟು. ಒಂಬತ್ತು ವರ್ಷದ ಖರ್ಚಿನಲ್ಲಿ ಹಾಕಿದ ದುಡ್ಡು ಹುಟ್ಟಿದ್ದು ಇದೊಂದರಲ್ಲೇ. ಸ್ನಾನದ ಮನೆಯ ಹೊರಗೆ ಒಂದೇ ಟೈಲ್ಸಿನ ಮೇಲೆ, ನಾಲ್ಕು ಮೂಲೆಗೆ ಪೆನ್ಸಿಲ್ ಗುರುತು ಹಾಕಿ ಇಟ್ಟಿದ್ದೇನೆ. ಒಂದು ಗೇಣು ಸರಿಸಿದರೂ 300 ಗ್ರಾಂ ವ್ಯತ್ಯಾಸ ತೋರಿಸುತ್ತಿತ್ತು. ಎದ್ದ ಕೂಡಲೇ ಶೌಚಕ್ಕೆ ಹೋಗಿ ಬಂದು, ನೀರು ಕುಡಿಯುವ ಮೊದಲು ತೂಕ. ಆ ದಿನದ ಅಂಕಿಯನ್ನು ಬರೆಯುತ್ತೇನೆ, ಆದರೆ ನಂಬುವುದಿಲ್ಲ. ಏಳು ದಿನದ ಸರಾಸರಿಯನ್ನು ಮಾತ್ರ ನಂಬುತ್ತೇನೆ.

ಗಂಡಸರಿಗೆ ಬರೆದ ಸಲಹೆಗಳಲ್ಲಿ ಇಲ್ಲದ ಒಂದು ವಿಷಯ ಇಲ್ಲಿದೆ. ಮುಟ್ಟಿನ ಹಿಂದಿನ ನಾಲ್ಕೈದು ದಿನ ನನ್ನ ದೇಹ ಒಂದೂವರೆ ಕಿಲೋದಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ಐದು ಡಯಟ್‌ಗಳಲ್ಲಿ ಮೂರನ್ನು ಬಿಟ್ಟದ್ದು ಇದೇ ದಿನಗಳಲ್ಲಿ ಎಂದು ನೋಟ್‌ಬುಕ್ ನೋಡಿದ ಮೇಲೆ ತಿಳಿಯಿತು. ಅರೆಹೊಟ್ಟೆಯಲ್ಲಿದ್ದೂ ತೂಕ ಏರಿದರೆ ಯಾರ ಎದೆ ಒಡೆಯುವುದಿಲ್ಲ? ಈಗ ನಾನು ಹೋದ ವಾರದೊಂದಿಗೆ ಹೋಲಿಸುವುದಿಲ್ಲ. ಈ ಚಕ್ರದ 8ನೇ ದಿನವನ್ನು ಹೋದ ಚಕ್ರದ 8ನೇ ದಿನದೊಂದಿಗೆ ಹೋಲಿಸುತ್ತೇನೆ. ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕದಲ್ಲೇ ಚಕ್ರದ ದಿನದ ಕಾಲಂ ಇದೆ. ಈ ಒಂದು ಕಾಲಂ ನನ್ನನ್ನು ಎಷ್ಟು ಸಲ ಕಾಪಾಡಿದೆಯೋ ಲೆಕ್ಕವಿಲ್ಲ.

ಹತ್ತು ವಾರದ ನಂತರ ಇಳಿಯಲು ಶುರು ಮಾಡಿದೆ. ಒಂದೇ ಉಸಿರಿಗೆ ಅಲ್ಲ. ನಾಲ್ಕು ಕಿಲೋ ಇಳಿಯುವುದು, ಆರರಿಂದ ಎಂಟು ವಾರ ನಿಲ್ಲುವುದು, ಮತ್ತೆ ನಾಲ್ಕು. 84, 80, 75.5, 71, 67. ಇಳಿಯುವಾಗ ದಿನಕ್ಕೆ 1,650 ಕ್ಯಾಲೊರಿಯ ಆಸುಪಾಸು, ನಿಲ್ಲುವಾಗ ಶುರುವಿನಲ್ಲಿ 2,100, ಈಗ 1,800ರಷ್ಟು. ಇವು ನೆನಪಿನ ಅಂಕಿಗಳು, ಐವತ್ತು ಆಚೀಚೆ ಇರಬಹುದು. ವಾರಕ್ಕೆ 400 ಗ್ರಾಂ ಇಳಿದರೆ ಸಾಕು ಎಂದುಕೊಂಡಿದ್ದೆ, ಹೆಚ್ಚು ಕಡಿಮೆ ಅಷ್ಟೇ ಇಳಿಯಿತು. ಪ್ರತಿ ಊಟದಲ್ಲಿ 25 ಗ್ರಾಂ ಪ್ರೋಟೀನ್, ವಾರಕ್ಕೆ ಎರಡು ದಿನ ಮನೆಯಲ್ಲೇ ಭಾರ ಎತ್ತುವುದು. ಭಾರಕ್ಕೆ ಐದು ಲೀಟರಿನ ಎರಡು ನೀರಿನ ಕ್ಯಾನ್, ಆಮೇಲೆ ಹತ್ತು ಲೀಟರಿನವು. ಜಿಮ್ಮಿಗೆ ಕಟ್ಟಿದ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರತಿ ನಿಲುಗಡೆಯ ಮೊದಲ ವಾರ ತೂಕ ಒಂದು ಕಿಲೋ ಏರುತ್ತದೆ. ಹೆದರಬೇಡಿ. ಊಟ ಹೆಚ್ಚಿದಾಗ ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆ, ತುಂಬಿಕೊಳ್ಳುತ್ತದೆ, ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಅದು ಕೊಬ್ಬಲ್ಲ. ಎರಡನೇ ವಾರಕ್ಕೆ ಸ್ಥಿರವಾಗುತ್ತದೆ. ಮೊದಲ ನಿಲುಗಡೆಯಲ್ಲಿ ಇದು ತಿಳಿಯದೆ ಮೂರು ರಾತ್ರಿ ನಿದ್ದೆಗೆಟ್ಟೆ.

ಮೂರನೇ ಇಳಿತದ ನಡುವೆ ಅತ್ತೆ ಆಸ್ಪತ್ರೆ ಸೇರಿದರು. ಸುಮಾರು ಮೂರು ತಿಂಗಳು ಮನೆ, ಆಸ್ಪತ್ರೆ, ಕಚೇರಿ. ಊಟಕ್ಕೆ ಹೊತ್ತಿಲ್ಲ, ನಿದ್ದೆ ನಾಲ್ಕು ಗಂಟೆ. 73ಕ್ಕೆ ಬಂದವಳು 75.3ಕ್ಕೆ ಏರಿದೆ. ಹಿಂದಿನ ಎಲ್ಲ ಡಯಟ್‌ಗಳು ಸತ್ತದ್ದು ಇಂಥ ಜಾಗದಲ್ಲೇ. ಈ ಸಲ ಇಳಿಸುವ ಯೋಚನೆಯನ್ನೇ ಬಿಟ್ಟು, ಇಲ್ಲೇ ನಿಲ್ಲುತ್ತೇನೆ ಎಂದುಕೊಂಡೆ. ನಿಂತೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಏಳು ದಿನದ ಸರಾಸರಿ ತೆಗೆದದ್ದು ನೆನಪಿದೆ: 75.3, 75.1, 75.2. ನನ್ನ ಇಡೀ ಕೆಲಸದಲ್ಲಿ ನನಗೆ ಹೆಮ್ಮೆಯಿರುವುದು ಆ ಮೂರು ಅಂಕಿಗಳ ಮೇಲೆ, ಕೊನೆಯ 67ರ ಮೇಲೂ ಅಷ್ಟಿಲ್ಲ. ಒಟ್ಟು ಇಪ್ಪತ್ತು ತಿಂಗಳು ಹಿಡಿಯಿತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಚಿಕ್ಕ ತಟ್ಟೆಯಲ್ಲಿ ತಿಂದರೆ ಕಡಿಮೆ ತಿನ್ನುತ್ತೇವೆ ಎನ್ನುತ್ತಾರೆ, ನಾನು ಮೂರು ಸಲ ಬಡಿಸಿಕೊಂಡೆ. ಒಂದು ದಿನ ಬೇಕೆಂದೇ ಉಪ್ಪು ಹೆಚ್ಚು ತಿಂದೆ, ಮರುದಿನ ಬೆಳಿಗ್ಗೆ 900 ಗ್ರಾಂ ಏರಿತ್ತು, ಮೂರನೇ ದಿನ ಮಾಯ. ಆದರೆ ಕಣ್ಣು ತೆರೆಸಿದ್ದು ಮಕ್ಕಳ ತಟ್ಟೆಯ ಪ್ರಯೋಗ. ಅವರು ಬಿಟ್ಟದ್ದನ್ನು ಚೆಲ್ಲಲು ಮನಸ್ಸಾಗದೆ, ಸಿಂಕಿನ ಮುಂದೆ ನಿಂತೇ ಬಾಯಿಗೆ ಹಾಕಿಕೊಳ್ಳುವುದು ನನ್ನ ಅಭ್ಯಾಸ. ಒಂದು ವಾರ ಆ ತುತ್ತುಗಳನ್ನು ತಿನ್ನದೆ ಒಂದು ಡಬ್ಬಿಗೆ ಹಾಕಿ, ದಿನವೂ ತೂಗಿ ಬರೆದೆ. ಅಂಚು ಕಚ್ಚಿ ಬಿಟ್ಟ ತುಂಡು, ತಣ್ಣಗಾದ ಅರ್ಧ ಮೊಟ್ಟೆ, ಎಲ್ಲ ಸೇರಿ ವಾರಕ್ಕೆ ಒಂದೂಮುಕ್ಕಾಲು ಕಿಲೋ. ಇದರಲ್ಲಿ ಒಂದು ತುತ್ತೂ ನನ್ನ ಲೆಕ್ಕದಲ್ಲಿ ಇರಲಿಲ್ಲ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದ 1992ರ ಒಂದು ಅಧ್ಯಯನದಲ್ಲಿ, ಅವರು ತಾವು ತಿಂದದ್ದನ್ನು ಸರಾಸರಿ ಅರ್ಧದಷ್ಟು ಕಡಿಮೆ ಬರೆದಿದ್ದರು. ಅವರು ಸುಳ್ಳು ಹೇಳುತ್ತಿದ್ದರು ಎಂದು ನಾನು ಒಪ್ಪುವುದಿಲ್ಲ. ನಿಂತು ತಿಂದದ್ದು ನೆನಪಿನಲ್ಲಿ ಕೂರುವುದಿಲ್ಲ, ಅಷ್ಟೇ. ಈಗ ನಮ್ಮ ಮನೆಯಲ್ಲಿ ಮಕ್ಕಳಿಗೆ ಮೊದಲೇ ಕಡಿಮೆ ಬಡಿಸುತ್ತೇನೆ, ಬೇಕಾದರೆ ಅವರೇ ಕೇಳುತ್ತಾರೆ.

ಎರಡು ವಿಷಯಗಳನ್ನು ಇಲ್ಲಿ ಬರೆಯುತ್ತಿಲ್ಲ. ಒತ್ತಾಯ ಮಾಡಿ ಬಡಿಸುವವರ ಕೈ ತಡೆಯಲು ನನ್ನ ಬಳಿ ಒಂದು ಮಾತಿದೆ, ಅದು ಎಲ್ಲರಿಗೂ ಗೊತ್ತಾದರೆ ನನಗೇ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು, ಕೊನೆಯ ನಿಲುಗಡೆಯ ಐದನೇ ವಾರದಲ್ಲಿ ನಾನು ಮಾಡಿದ ಒಂದು ಬದಲಾವಣೆ. ಅದು ಇನ್ನೊಬ್ಬರ ದೇಹದಲ್ಲಿ ಕೆಲಸ ಮಾಡುವುದನ್ನು ಕಾಣದೆ ಹೇಳಲಾರೆ. ಬಸುರಿಯರು, ಹಾಲುಣಿಸುವವರು, ಮಾತ್ರೆ ತೆಗೆದುಕೊಳ್ಳುತ್ತಿರುವವರು, ಒಂದು ಕಾಲದಲ್ಲಿ ಊಟವನ್ನೇ ಶತ್ರುವೆಂದು ಕಂಡವರು ವೈದ್ಯರನ್ನು ಕೇಳದೆ ಇಲ್ಲಿನ ಯಾವ ಅಂಕಿಯನ್ನೂ ಮುಟ್ಟಬಾರದು.

ಅಕ್ಕ ಈಗ ನಿಲ್ಲುವ ನಾಲ್ಕನೇ ವಾರದಲ್ಲಿದ್ದಾಳೆ. ಮೊನ್ನೆ ಬೆಳಿಗ್ಗೆ ಆರೂವರೆಗೇ ಫೋನ್ ಮಾಡಿ, "ಒಂದೂವರೆ ಕಿಲೋ ಇಳಿದುಬಿಟ್ಟಿದೆಯಲ್ಲೇ, ಏನು ಮಾಡಲಿ?" ಎಂದಳು. ಅವಳ ದನಿಯಲ್ಲಿ ಖುಷಿಯೂ ಇತ್ತು, ಗಾಬರಿಯೂ ಇತ್ತು. ಚಕ್ರದ ಎಷ್ಟನೇ ದಿನ ಎಂದು ಕೇಳಿದೆ. ಅವಳ ನೋಟ್‌ಬುಕ್ಕಿನಲ್ಲಿ ಆ ಕಾಲಂ ಇರಲಿಲ್ಲ. ಮೊದಲು ಅದನ್ನು ಹಾಕು, ಏಳು ದಿನದ ಸರಾಸರಿ ತೆಗೆದು ಕಳಿಸು, ಅದೂ ಗೆರೆಯ ಕೆಳಗಿದ್ದರೆ ಮಧ್ಯಾಹ್ನದ ಊಟಕ್ಕೆ ಒಂದು ಸೌಟು ಹೆಚ್ಚು ಹಾಕಿಕೋ ಎಂದೆ.