ಮಾಲೀಕರ ಗಾಡಿಗೆ ಇನ್ಶೂರೆನ್ಸ್ ಇಲ್ಲ, ಸ್ಟೀರಿಂಗ್ ನಿಮ್ಮ ಕೈಯಲ್ಲಿದೆ: ಅಪಘಾತವಾದರೆ ಹೊಣೆ ಯಾರದ್ದು?

ಗಾಡಿ ಮಾಲೀಕರದ್ದು, ಇನ್ಶೂರೆನ್ಸ್ ಕಟ್ಟಬೇಕಾದವರೂ ಅವರೇ, ನನಗೇನು? ಪೀಣ್ಯದಲ್ಲಿ ಟೆಂಪೊ ಓಡಿಸುವವರಿಂದ ಹಿಡಿದು ಕೆ.ಆರ್. ಮಾರ್ಕೆಟ್‌ನ ಗೂಡ್ಸ್ ಆಟೊದವರ ತನಕ ಬಹಳ ಜನರ ಲೆಕ್ಕ ಇದು. ಇದು ಅರ್ಧ ಮಾತ್ರ ಸರಿ. ಕೆಲಸದ ವೇಳೆಯಲ್ಲಿ ನೌಕರ ಮಾಡಿದ ಅಜಾಗರೂಕತೆಗೆ ಮಾಲೀಕರು ಪರಿಹಾರ ಕೊಡಬೇಕು, ನಿಜ. ಆದರೆ ಕಾನೂನಿನ ಕಣ್ಣಿಗೆ ತಪ್ಪು ಮಾಡಿದವನು ಮೊದಲು ಚಾಲಕ, ಅವನ ಮೂಲಕ ಮಾಲೀಕ. ಇಬ್ಬರ ಹೊಣೆಯೂ ಜಂಟಿ ಮತ್ತು ಪ್ರತ್ಯೇಕ. ಅಂದರೆ ಗಾಯಾಳು ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲಿ ಮಾಡಬಹುದು. ಇನ್ಶೂರೆನ್ಸ್ ಇದ್ದರೆ ಕಂಪನಿ ಕಟ್ಟುತ್ತದೆ, ಈ ಪ್ರಶ್ನೆ ಏಳುವುದೇ ಇಲ್ಲ. ಇಲ್ಲದಿದ್ದರೆ ಏಳುತ್ತದೆ.

ದಂಡದ ವಿಷಯದಲ್ಲಿ ಇನ್ನೂ ನೇರ. ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಪರಿಹಾರ ಕಟ್ಟುವ ಇನ್ಶೂರೆನ್ಸ್, ಕಡ್ಡಾಯ. ಅದಿಲ್ಲದ ಗಾಡಿ ಓಡಿಸಿದವರಿಗೂ ಓಡಿಸಲು ಬಿಟ್ಟವರಿಗೂ 196ನೇ ಕಲಂ ಅನ್ವಯಿಸುತ್ತದೆ: ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ಕೀ ತೆಗೆದುಕೊಳ್ಳುವ ಮುನ್ನ

ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಯಾವ ದಿನದವರೆಗೆ ಇದೆ ಎಂದು ತೋರಿಸುತ್ತದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ದಿನಾಂಕವನ್ನೂ ಅಲ್ಲೇ ನೋಡಿಕೊಳ್ಳಿ. ಅವಧಿ ಮುಗಿದಿದೆ ಎಂದು ಬಂದರೆ ಪಾಲಿಸಿ ಪ್ರತಿ ಕೇಳಿ. ಅದರಲ್ಲಿ ದಿನಾಂಕದ ಜೊತೆಗೆ ಗಂಟೆಯೂ ಇರುತ್ತದೆ. ಬೆಳಿಗ್ಗೆ ಅಪಘಾತವಾಗಿ ಮಧ್ಯಾಹ್ನ ಕಟ್ಟಿಸಿದ ಪಾಲಿಸಿ ಆ ಅಪಘಾತಕ್ಕೆ ಬರುವುದಿಲ್ಲ. ಗಾಡಿಯನ್ನು ಯಾವ ಬಳಕೆಗೆ ಇನ್ಶೂರ್ ಮಾಡಿದ್ದಾರೆ ಎಂಬ ಸಾಲನ್ನೂ ಓದಿ. ವೈಟ್ ಬೋರ್ಡ್ ಕಾರಿನ ಖಾಸಗಿ ಪಾಲಿಸಿ ಇಟ್ಟುಕೊಂಡು ಬಾಡಿಗೆಗೆ ಓಡಿಸಿದರೆ ಕಂಪನಿ ಕೈ ಎತ್ತಲು ಅದೇ ಸಾಕು. ಪ್ರೀಮಿಯಂ ಚೆಕ್ ಬೌನ್ಸ್ ಆಗಿ, ಅಪಘಾತಕ್ಕೆ ಮೊದಲೇ ಕಂಪನಿ ಪಾಲಿಸಿ ರದ್ದು ಮಾಡಿ ಮಾಲೀಕರಿಗೆ ತಿಳಿಸಿದ್ದರೆ, ನಿಮ್ಮ ಕೈಯಲ್ಲಿರುವ ಪ್ರತಿ ಬರೀ ಕಾಗದ.

‘ಇವತ್ತೊಂದಿನ ಓಡಿಸಪ್ಪ, ನಾಳೆ ಕಟ್ಟಿಸ್ತೀನಿ’ ಎಂದರೆ ವಾಟ್ಸಾಪ್‌ನಲ್ಲಿ ಎರಡು ಸಾಲು ಹಾಕಿ: ‘ಸಾರ್, ಗಾಡಿ ಇನ್ಶೂರೆನ್ಸ್ ಮುಗಿದಿದೆ, ಕಟ್ಟಿಸಿದ ಮೇಲೆ ತೆಗೆಯುತ್ತೇನೆ.’ ಈ ಮೆಸೇಜು ಎರಡೂ ಕಡೆ ಕೊಯ್ಯುತ್ತದೆ. ಕಳಿಸಿ ಓಡಿಸದಿದ್ದರೆ ಅದು ನಿಮಗೆ ರಕ್ಷೆ. ಕಳಿಸಿಯೂ ಓಡಿಸಿದರೆ ಗೊತ್ತಿದ್ದೇ ಓಡಿಸಿದಿರಿ ಎಂಬುದಕ್ಕೆ ಸಾಕ್ಷಿ. ‘ಏನೇ ಆದರೂ ನಾನು ನೋಡಿಕೊಳ್ಳುತ್ತೇನೆ’ ಎಂದು ಮಾಲೀಕರು ಬರೆದುಕೊಟ್ಟರೂ ಪೂರ್ತಿ ನಂಬಬೇಡಿ. ಅಪರಾಧವಾದ ಕೆಲಸಕ್ಕೆ ಕೊಟ್ಟ ಅಂಥ ಭರವಸೆಯನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲಾಗದು ಎಂದು ಕರಾರು ಕಾಯ್ದೆಯ 224ನೇ ಕಲಂ ಹೇಳುತ್ತದೆ.

ಅಪಘಾತವಾದ ಕೂಡಲೇ

ಗಾಡಿ ನಿಲ್ಲಿಸಿ, 108ಕ್ಕೆ, 112ಕ್ಕೆ ಕರೆ ಮಾಡಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕರ ಕರ್ತವ್ಯ. ಜನ ಸೇರಿ ಹೊಡೆಯುವ ಪರಿಸ್ಥಿತಿ ಇದ್ದರೆ ನೇರ ಹತ್ತಿರದ ಠಾಣೆಗೆ ಹೋಗಿ; ಮನೆಗಲ್ಲ, ಮಾಲೀಕರ ಗೋಡೌನಿಗಂತೂ ಅಲ್ಲ.

ಆಮೇಲೆ, ನೀವು ಡ್ಯೂಟಿಯಲ್ಲಿದ್ದಿರಿ ಎಂಬುದಕ್ಕೆ ಅದೇ ದಿನ ಸಾಕ್ಷಿ ಒಟ್ಟು ಮಾಡಿ. ಟ್ರಿಪ್ ಶೀಟ್, ಡೆಲಿವರಿ ಚಲನ್, ಇ-ವೇ ಬಿಲ್, ಲೋಕೇಶನ್ ಕಳಿಸಿದ ಮೆಸೇಜು, ಕಾಲ್ ಲಾಗ್, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲದರ ಫೋಟೊ ಬೇರೆ ಫೋನಿಗೂ ಕಳಿಸಿಡಿ. ಇನ್ಶೂರೆನ್ಸ್ ಇಲ್ಲ ಎಂದು ಗೊತ್ತಾದ ಮಾಲೀಕರ ಮೊದಲ ವಾದವೇ ‘ಹೇಳದೆ ಕೇಳದೆ ಸ್ವಂತ ಕೆಲಸಕ್ಕೆ ಗಾಡಿ ಒಯ್ದಿದ್ದ’ ಎಂಬುದು. ಅದು ನಿಂತರೆ ಅವರ ಹೊಣೆ ಸಡಿಲವಾಗುತ್ತದೆ, ನಿಮ್ಮದು ಹಾಗೇ ಉಳಿಯುತ್ತದೆ.

ಚಾಲಕ ಯಾರೆಂದು ಕೇಳಿ ಟ್ರಾಫಿಕ್ ಠಾಣೆಯಿಂದ ಮಾಲೀಕರಿಗೆ 133ನೇ ಕಲಂ ಅಡಿ ನೋಟಿಸ್ ಹೋಗುತ್ತದೆ. ಅವರು ಬರೆದುಕೊಡುವ ಹೆಸರೇ ಆರೋಪಿಯ ಹೆಸರು. ಓಡಿಸುತ್ತಿದ್ದವರಿಗೆ ಲೈಸೆನ್ಸ್ ಇಲ್ಲವೆಂದು ಬೇರೊಬ್ಬ ನೌಕರನ ಹೆಸರು ಕೊಡುವ ಚಾಳಿ ಇದೆ. ‘ಸ್ಟೇಷನ್ನಿಗೆ ಬಂದು ಒಂದು ಸಹಿ ಹಾಕು, ಬೇಲ್ ಸಿಗುತ್ತೆ’ ಎಂದು ಕರೆದರೆ, ಓಡಿಸದ ಗಾಡಿಗೆ ಸಹಿ ಹಾಕಬೇಡಿ. ಬೇಲ್ ಸಿಗುವುದು ನಿಜ, ಆದರೆ ಅದರ ಹಿಂದೆ ಲಕ್ಷಗಳ ಪರಿಹಾರ ಪ್ರಕರಣ ಬರುತ್ತದೆ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನು, 90 ದಿನದಲ್ಲಿ ವಿವರವಾದ ವರದಿಯನ್ನು ಅಪಘಾತ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಕೊಡಬೇಕು. ಚಾಲಕರು ನಮೂನೆ 3, ಮಾಲೀಕರು ನಮೂನೆ 4 ತುಂಬಿ 30 ದಿನದೊಳಗೆ ಕೊಡಬೇಕು. ನಿಮ್ಮ ನಮೂನೆಯನ್ನು ಮಾಲೀಕರ ಆಫೀಸಿನವರ ಕೈಯಲ್ಲಿ ತುಂಬಿಸಬೇಡಿ. ಕೊಟ್ಟದ್ದರ ಪ್ರತಿ ಇಟ್ಟುಕೊಳ್ಳಿ. ಇನ್ಶೂರೆನ್ಸ್ ಇಲ್ಲದ ಗಾಡಿಯನ್ನು ಭದ್ರತೆ ಕೊಡದೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಆ ಭದ್ರತೆಗೆ ಜಾಮೀನುದಾರರಾಗಿ ನಿಮ್ಮನ್ನು ನಿಲ್ಲಿಸಲು ಹೊರಟರೆ ಒಪ್ಪಬೇಡಿ.

‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು’

ಇದು ಎಲ್ಲಕ್ಕಿಂತ ದುಬಾರಿ ಸಲಹೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಅಂದರೆ ಅಡ್ಡಾದಿಡ್ಡಿ ಚಾಲನೆಗೆ, ದಂಡ 1,000 ರೂಪಾಯಿವರೆಗೆ ಮಾತ್ರ. ಕೋರ್ಟಿಗೆ ಅಲೆಯುವ ಬದಲು ಕಟ್ಟಿ ಮುಗಿಸೋಣ ಅನ್ನಿಸುತ್ತದೆ. ಆದರೆ ಆ ಆದೇಶದ ಪ್ರತಿಯೇ ಟ್ರಿಬ್ಯೂನಲ್‌ನಲ್ಲಿ ನಿಮ್ಮ ಅಜಾಗರೂಕತೆಗೆ ಸಾಕ್ಷಿಯಾಗಿ ಬರುತ್ತದೆ. ತೀವ್ರ ಗಾಯವಾಗಿದ್ದರೆ 125(ಬಿ) ಅಡಿ 3 ವರ್ಷದವರೆಗೆ, ಸಾವಾಗಿದ್ದರೆ 106(1) ಅಡಿ 5 ವರ್ಷದವರೆಗೆ ಜೈಲು ಇದೆ. ನಿಮ್ಮದೇ ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ. ಮಾಲೀಕರು ಗೊತ್ತು ಮಾಡಿದ ವಕೀಲರು ಮೊದಲು ನೋಡುವುದು ಮಾಲೀಕರ ಹಿತ.

ಟ್ರಿಬ್ಯೂನಲ್ ನೋಟಿಸ್ ಬಂದರೆ

ಬೆಂಗಳೂರಿನಲ್ಲಿ ಈ ಪ್ರಕರಣಗಳನ್ನು ಲಘು ವ್ಯವಹಾರಗಳ ನ್ಯಾಯಾಲಯದ ಪೀಠಗಳು ನಡೆಸುತ್ತವೆ. ನೋಟಿಸಿನಲ್ಲಿ ಎಂವಿಸಿ ನಂಬರ್ (ಪ್ರಕರಣದ ಸಂಖ್ಯೆ), ಎಸ್‌ಸಿಸಿಎಚ್ ನಂಬರ್ (ಕೋರ್ಟ್ ಹಾಲ್ ಸಂಖ್ಯೆ) ಇರುತ್ತವೆ. ಇನ್ಶೂರೆನ್ಸ್ ಇಲ್ಲದ ಗಾಡಿಯಾದರೆ ಅರ್ಜಿದಾರರ ವಕೀಲರು ಚಾಲಕರನ್ನೂ ಪ್ರತಿವಾದಿ ಮಾಡಬಹುದು. ಹೋಗದೆ ಕೂತರೆ ಎಕ್ಸ್‌ಪಾರ್ಟಿ ಆಗುತ್ತದೆ, ಅಂದರೆ ನಿಮ್ಮ ಗೈರಿನಲ್ಲೇ ವಿಚಾರಣೆ ನಡೆಯುತ್ತದೆ, ಮಾಲೀಕರು ಹೇಳಿದ್ದೇ ದಾಖಲೆಯಾಗುತ್ತದೆ. ನಿಮ್ಮ ಆಕ್ಷೇಪಣೆಯಲ್ಲಿ ಮೂರು ಮಾತು ಇರಲೇಬೇಕು: ನೀವು ಸಂಬಳದ ನೌಕರರು, ಆ ಹೊತ್ತಿನಲ್ಲಿ ಅವರು ಹೇಳಿದ ಕೆಲಸದ ಮೇಲೆ ಇದ್ದಿರಿ, ಇನ್ಶೂರೆನ್ಸ್ ಕಟ್ಟಿಸುವುದು ಆರ್‌ಸಿಯಲ್ಲಿ ಹೆಸರಿರುವವರ ಹೊಣೆ. ಗಾಡಿ ಮಾರಿಬಿಟ್ಟೆ ಎಂದು ಆರ್‌ಸಿ ಮಾಲೀಕರು ಜಾರಿಕೊಳ್ಳಲಾಗದು. ಹೆಸರು ಬದಲಾಗದಿದ್ದರೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಎದುರಿನವರದ್ದೂ ತಪ್ಪಿದ್ದರೆ ಅದನ್ನೂ ಹೇಳಿ, ಅಷ್ಟರ ಮಟ್ಟಿಗೆ ಮೊತ್ತ ಇಳಿಯುತ್ತದೆ.

ಒಂದು ವೇಳೆ ವಸೂಲಿ ನಿಮ್ಮ ಸಂಬಳಕ್ಕೇ ಬಂದರೂ ಪೂರ್ತಿ ಹಿಡಿಯುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 25,000 ಸಂಬಳಕ್ಕೆ ತಿಂಗಳಿಗೆ 8,000ದವರೆಗೆ ಜಪ್ತಿ, ಅದೂ ಒಂದು ಡಿಕ್ರಿಗೆ (ಕೋರ್ಟಿನ ತೀರ್ಪಿನ ಆದೇಶಕ್ಕೆ) ಒಟ್ಟು 24 ತಿಂಗಳು. ಮಾಲೀಕರು ತಾವಾಗಿಯೇ ಸಂಬಳ ಹಿಡಿದುಕೊಳ್ಳುವುದು ಬೇರೆ ಮಾತು. ನಿಮ್ಮ ವಿವರಣೆ ಕೇಳದೆ ಹಾಗೆ ಕಡಿತ ಮಾಡುವಂತಿಲ್ಲ. ಖಾಲಿ ಚೆಕ್, ಖಾಲಿ ಸ್ಟ್ಯಾಂಪ್ ಪೇಪರಿಗೆ ಸಹಿ ಬೇಡವೇ ಬೇಡ.

ನಿಮಗೇ ಗಾಯವಾಗಿದ್ದರೆ ದಾರಿ ಬೇರೆ. ಇಎಸ್‌ಐ ಇದ್ದರೆ ಅಲ್ಲಿ, ಇಲ್ಲದಿದ್ದರೆ ನೌಕರರ ಪರಿಹಾರಕ್ಕೆ 2 ವರ್ಷದೊಳಗೆ ಅರ್ಜಿ ಹಾಕಿ. ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೂ ಮಾಲೀಕರು ಕೊಡಲೇಬೇಕು. ಚಾಲನೆಯಲ್ಲಿ ನಿಮ್ಮ ತಪ್ಪಿತ್ತು ಎಂಬುದೊಂದೇ ಕಾರಣಕ್ಕೆ ತಪ್ಪಿಸಿಕೊಳ್ಳಲಾಗದು. ಕುಡಿದಿದ್ದರೆ ಮಾತ್ರ, ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆಗದ ಗಾಯಗಳಿಗೆ ಪರಿಹಾರ ಸಿಗದು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರವಿದೆ. 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯದ ಮಿತಿ ಇಲ್ಲದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ನೋಟಿಸ್, ಎಫ್‌ಐಆರ್ ಪ್ರತಿ, ಆಧಾರ್, ಡ್ಯೂಟಿ ಸಾಕ್ಷಿಗಳನ್ನು ಜೊತೆಗೆ ಒಯ್ಯಿರಿ; ನೋಟಿಸಿನಲ್ಲಿರುವ ಮೊದಲ ದಿನಾಂಕಕ್ಕೆ ಒಂದು ವಾರ ಮುಂಚೆಯಾದರೂ ಹೋಗಿ.