ನಿಂತಲ್ಲೇ ನಿಲ್ಲುವ ಹಡಗಿನಲ್ಲಿ ನನ್ನ ಕೆಲಸ

ಸೋಮವಾರಪೇಟೆ ಕಡೆಯವನಿಗೆ ಸಮುದ್ರದಲ್ಲಿ ಏನು ಕೆಲಸ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಆಮೇಲೆ, ಹಡಗು ಎಷ್ಟು ಸ್ಪೀಡ್ ಹೋಗುತ್ತೆ ಅಂತ. ನಮ್ಮದು ಓಡುವುದಕ್ಕೆ ಹೆಸರಾದ ಹಡಗಲ್ಲ. ತೈಲ ಬಾವಿಗಳ ವಾಲ್ವು, ಪೈಪು, ಕೇಬಲ್ಲುಗಳನ್ನು ಸಮುದ್ರದ ತಳದಲ್ಲಿ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅದರ ಕೆಲಸ. ಹಾಗಾಗಿ ಗಾಳಿ, ಅಲೆ, ಸೆಳೆತ ಏನೇ ಇದ್ದರೂ ಒಂದೇ ಜಾಗದಲ್ಲಿ ನಿಲ್ಲಬೇಕು.

ಲಂಗರು ಹಾಕಿದರೆ ಆಯ್ತಲ್ವಾ? ಆಗಲ್ಲ. ಆಂಧ್ರ ಕರಾವಳಿಯಾಚೆ ಕೃಷ್ಣಾ-ಗೋದಾವರಿ ತೈಲ ಪ್ರದೇಶದ ಕಡೆ ಸಮುದ್ರದ ಆಳ ಕೆಲವು ಕಡೆ 1,000 ಮೀಟರ್ ದಾಟುತ್ತೆ. ಮುಂಬೈ ಆಚೆ ಸಮುದ್ರದಲ್ಲಿರುವ ಮುಂಬೈ ಹೈ ತೈಲ ಕ್ಷೇತ್ರದಲ್ಲಿ 75 ಮೀಟರ್ ಆಸುಪಾಸು ಅಷ್ಟೇ, ಆದರೆ ತಳದಲ್ಲೆಲ್ಲಾ ಪೈಪ್‌ಲೈನ್, ಲಂಗರು ಅದಕ್ಕೆ ಸಿಕ್ಕಿದರೆ ಕಥೆ ಮುಗೀತು. ಅದಕ್ಕೇ ಲಂಗರಿಲ್ಲದೆ ಒಂದೇ ಜಾಗದಲ್ಲಿ ನಿಲ್ಲಿಸುವ ಡೈನಾಮಿಕ್ ಪೊಸಿಷನಿಂಗ್, ನಾವು ಡಿಪಿ ಅಂತೀವಿ. ಜಿಪಿಎಸ್, ದಿಕ್ಕು ಹೇಳುವ ಗೈರೊ, ಗಾಳಿಯ ಸೆನ್ಸರ್, ತಳದಲ್ಲಿಟ್ಟ, ಶಬ್ದದ ಸಂಕೇತ ಕಳಿಸುವ ಟ್ರಾನ್ಸ್‌ಪಾಂಡರ್ ಇವೆಲ್ಲದರ ಲೆಕ್ಕ ಹಿಡಿದು ಕಂಪ್ಯೂಟರ್, ಹಡಗನ್ನು ಬೇಕಾದ ಕಡೆ ತಳ್ಳುವ ಥ್ರಸ್ಟರ್‌ಗಳನ್ನು ಸುಮ್ನೆ ಬಿಡದೆ ತಿರುಗಿಸುತ್ತಾ ಇರುತ್ತೆ. ಡಿಪಿಯಲ್ಲಿ ದರ್ಜೆಗಳಿವೆ: ಡಿಪಿ-2 ಹಡಗು ಒಂದು ಯಂತ್ರ ಕೆಟ್ಟರೂ ಜಾಗ ಬಿಡಬಾರದು. ಡಿಪಿ-3 ಆದರೆ ಒಂದಿಡೀ ಕೋಣೆಗೆ ಬೆಂಕಿ ಬಿದ್ದರೂ, ನೀರು ನುಗ್ಗಿದರೂ ಬಿಡಬಾರದು.

ನಾನು ಆರ್‌ಒವಿ ಪೈಲಟ್. ಅಂದರೆ ಎರಡು ಕೈ ಇರುವ ಮುಳುಗು ಯಂತ್ರವನ್ನು ಹಡಗಿನ ಕಂಟೈನರ್‌ನಲ್ಲಿ ಕೂತು ಓಡಿಸುವವನು. ಭಾರದ ವಸ್ತು ಇಳಿಸುವಾಗ ಎಲ್ಲಕ್ಕಿಂತ ಜಾಸ್ತಿ ಭಯ ಅದು ನೀರು ಮುಟ್ಟುವ ಹೊತ್ತಿನದ್ದು. ಅಲೆ ಅಡಿಯಿಂದ ಎತ್ತಿದರೆ ಹಗ್ಗ ಸಡಿಲವಾಗುತ್ತೆ, ಮರುಕ್ಷಣ ಜಗ್ಗುತ್ತೆ. ಅದು ದಾಟಿ ತಳ ಹತ್ತಿರ ಬಂದ ಮೇಲೆ ಕ್ರೇನಿನ ಹೀವ್ ಕಾಂಪನ್ಸೇಷನ್ ಹಾಕುತ್ತಾರೆ. ಹಡಗು ಮೇಲೆದ್ದಾಗ ವಿಂಚ್ ಹಗ್ಗ ಬಿಡುತ್ತೆ, ಇಳಿದಾಗ ಎಳೆದುಕೊಳ್ಳುತ್ತೆ, ಕೆಳಗಿನ ಲೋಡ್ ಹೆಚ್ಚು ಕಮ್ಮಿ ಅಲ್ಲಾಡದೆ ತೂಗುತ್ತಿರುತ್ತೆ. ಇದನ್ನು ನೋಡುವುದೇ ಒಂದು ಖುಷಿ.

ನಾನು ಯಾವಾಗಲೂ ಸೆಳೆತ ನನ್ನ ಯಂತ್ರವನ್ನು ಲೋಡಿನಿಂದ ದೂರ ತಳ್ಳುವ ಬದಿಗೆ ನಿಲ್ಲಿಸುತ್ತೇನೆ. ತಳ ಮುಟ್ಟಿದಾಗ ಎದ್ದ ಕೆಸರೆಲ್ಲ ನನ್ನ ಕ್ಯಾಮೆರಾಗೇ ಬರುತ್ತೆ, ಬರಲಿ, ಶಬ್ದದಿಂದ ನೋಡುವ ಸೋನಾರ್ ಇದೆ. ಕೆಸರು ಇಳಿಯುವವರೆಗೆ ಕಾದರಾಯ್ತು, ಸೆಳೆತಕ್ಕೆ ಯಂತ್ರ ಲೋಡಿನ ಮೇಲೆ ಬೀಳುವುದಕ್ಕಿಂತ ವಾಸಿ. ಆಮೇಲೆ ಲೋಡು ಓರೆ ಕೂತಿದೆಯಾ ಅಂತ ನೋಡಲು ಅದಕ್ಕೆ ಕೂರಿಸಿದ ದುಂಡನೆಯ ಮಟ್ಟದ ಗುಳ್ಳೆಯನ್ನು ಕ್ಯಾಮೆರಾದಲ್ಲಿ ಓದುತ್ತೇನೆ. ಗುಳ್ಳೆ ಗೆರೆಯೊಳಗೆ ಇದ್ದರೆ ಕ್ರೇನಿನವನಿಗೆ ಹೇಳಿ, ಹಗ್ಗ ಸಡಿಲ ಮಾಡಿಸಿ, ಕೊಕ್ಕೆ ಬಿಚ್ಚುವುದು. ಹಡಗು ಜಾಗದಲ್ಲಿ ಸರಿಯಾಗಿ ನಿಂತಿದೆಯಾ ಅಂತ ತೋರಿಸುವ ಡಿಪಿ ದೀಪ ಹಸಿರು ಬಿಟ್ಟು ಹಳದಿಗೆ ಹೋಯ್ತೋ, ಕೈಲಿದ್ದ ಕೆಲಸ ಎಂಥದೇ ಇರಲಿ ನಿಲ್ಲಿಸುತ್ತೇನೆ.

ಮಳೆಗಾಲದಲ್ಲಿ ಮುಂಬೈ ಕಡೆ ಇಂಥ ಕೆಲಸ ತುಂಬಾ ಕಮ್ಮಿ. ಅದೇ ಮಳೆ ಮಡಿಕೇರಿಯಲ್ಲಿ ಸುರಿಯುವಾಗ ನಾನು ಮನೆಯಲ್ಲಿರುತ್ತೇನೆ, ಆಗಲೇ ಹುಡುಗರು ಬಂದು ಈ ಕೆಲಸಕ್ಕೆ ಏನು ಓದಬೇಕು ಅಂತ ಕೇಳುವುದು. ಎಲೆಕ್ಟ್ರಾನಿಕ್ಸ್ ಇಲ್ಲಾ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಹೈಡ್ರಾಲಿಕ್ಸ್ ಸರಿಯಾಗಿ ಕಲಿಯಿರಿ. ಯಂತ್ರ ಓಡಿಸುವುದಕ್ಕಿಂತ ಡೆಕ್ ಮೇಲೆ ಎಣ್ಣೆ ಸೋರುವುದನ್ನು ಹುಡುಕುವುದೇ ಜಾಸ್ತಿ, ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಪಂಪ್‌ಸೆಟ್ ಬಿಚ್ಚಿ ಜೋಡಿಸಿದ ಕೈಗೆ ಅದು ಬೇಗ ಹತ್ತುತ್ತೆ.