ಹತ್ತಿ ಕಟ್ಟಿಗೆ: ಹೊಲದಲ್ಲೇ ಪುಡಿ ಮಾಡುವುದು ಹೇಗೆ?

ಕೊನೆಯ ಸಲ ಹತ್ತಿ ಬಿಡಿಸಿ ಆಯಿತು. ಹೊಲದಲ್ಲಿ ಎದೆಮಟ್ಟದ ಕಟ್ಟಿಗೆ ಮಾತ್ರ ನಿಂತಿದೆ. ಹಾವೇರಿ, ಧಾರವಾಡ, ರಾಯಚೂರು, ಕಲಬುರಗಿ ಕಡೆ ಜನವರಿ ಹೊತ್ತಿಗೆ ಎಲ್ಲಿ ನೋಡಿದರೂ ಇದೇ. ಕೆಲವರು ಕಿತ್ತು ಬದುವಿಗೆ ಹಾಕುತ್ತಾರೆ. ಕೆಲವರು ಒಲೆಗೆ ಬೇಕೆಂದು ಮನೆ ಹಿಂದೆ ಒಟ್ಟುತ್ತಾರೆ. ಉಳಿದವರು ಸಂಜೆ ಹೊತ್ತು ನೋಡಿ ಕಡ್ಡಿ ಗೀರುತ್ತಾರೆ. ಕೀಳಲು ಆಳು ಸಿಗದಿದ್ದಾಗ ಬೆಂಕಿಯೇ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಕಟ್ಟಿಗೆಯಲ್ಲಿದ್ದ ಸಾರಜನಕ ಬಹುಪಾಲು ಹೊಗೆಯ ಜೊತೆ ಹೋಗಿಬಿಡುತ್ತದೆ. ಅದನ್ನೇ ಮುಂದಿನ ಮುಂಗಾರಿಗೆ ಚೀಲದ ಲೆಕ್ಕದಲ್ಲಿ ಕೊಂಡು ತರುತ್ತೇವೆ.

ಒಟ್ಟಿದ ಕಟ್ಟಿಗೆಯದ್ದು ಬೇರೆಯೇ ತಾಪತ್ರಯ. ಅರ್ಧ ಬಿರಿದ, ಕೊಳೆತ ಕಾಯಿಗಳು ಅದರಲ್ಲಿ ಅಂಟಿಕೊಂಡೇ ಇರುತ್ತವೆ. ಗುಲಾಬಿ ಕಾಯಿಕೊರಕದ ಹುಳು ಎರಡು ಬೀಜಗಳನ್ನು ಸೇರಿಸಿ ಅಂಟಿಸಿಕೊಂಡು ಅದರೊಳಗೆ ಮಲಗಿರುತ್ತದೆ. ಮಳೆಗಾಲ ಬಂದಾಗ ಪತಂಗವಾಗಿ ಹೊರಬಂದು ನೇರ ಹೊಸ ಬೆಳೆಗೆ ಹಾರುತ್ತದೆ. ಕಾಯಿಕೊರಕ ತಡೆಯಲೆಂದೇ 2006ರಲ್ಲಿ ಬಂದ ಎರಡು ಜೀನಿನ ಬಿಟಿ ಹತ್ತಿಯನ್ನೂ ಹತ್ತು ವರ್ಷದೊಳಗೆ ಜೀರ್ಣಿಸಿಕೊಂಡ ಹುಳು ಇದು. ಅದನ್ನು ಹಿತ್ತಿಲಲ್ಲಿ ನಾವೇ ಸಾಕಿದಂತೆ ಆಗುತ್ತದೆ.

ಟ್ರ್ಯಾಕ್ಟರ್ ಹಿಂದೆ ಕಟ್ಟುವ ಪುಡಿ ಯಂತ್ರ ಈ ಎರಡಕ್ಕೂ ಉತ್ತರ. ಹೊಲದಲ್ಲೇ ಚೂರು ಮಾಡಿ ಹೊಲಕ್ಕೇ ಬಿಡುತ್ತದೆ. ಆದರೆ ಸರಿಯಾಗಿ ಓಡಿಸಬೇಕು. ನಾನು ಮೊದಲ ವರ್ಷ ಓಡಿಸಿದ್ದನ್ನು ನೋಡಿ ಪಕ್ಕದ ಹೊಲದವರು ಮೂರು ದಿನ ನಕ್ಕಿದ್ದರು.

ಮೊದಲು ಕುರಿ, ಆಮೇಲೆ ಯಂತ್ರ

ಕೊನೆಯ ಬಿಡಿಸುವಿಕೆ ಮುಗಿದ ಕೂಡಲೇ ಕುರಿ ಮಂದೆ ತರುಬಿಸಿ. ಎಲೆ, ಹಸಿ ಕಾಯಿ ಎಲ್ಲ ಅವು ತಿಂದು ಮುಗಿಸುತ್ತವೆ. ಕಾಯಿಯ ಜೊತೆ ಹುಳುವೂ ಹೋಯಿತು, ಹೊಲಕ್ಕೆ ಹಿಕ್ಕೆಯೂ ಬಿತ್ತು. ಇತ್ತೀಚೆಗೆ ಔಷಧಿ ಹೊಡೆದಿದ್ದರೆ ಮಾತ್ರ ಕುರಿ ಬಿಡಬೇಡಿ. ಸೊರಗು ರೋಗ ಬಂದ ಗಿಡಗಳಿದ್ದರೆ ಅವನ್ನು ಬೇರುಸಮೇತ ಕಿತ್ತು ಹೊಲದಿಂದ ಆಚೆ ಸಾಗಿಸಿ. ಪುಡಿ ಮಾಡಿದರೆ ರೋಗವನ್ನು ಹೊಲದ ತುಂಬ ಹರಡಿದಂತೆ.

ಜನವರಿ ದಾಟಿಸುವುದು ಬೇಡ. "ಇನ್ನೊಂದು ಬಿಡಿಸುವಷ್ಟು ಕಾಯಿ ಇದೆ" ಎಂದು ನೀರು ಕೊಟ್ಟು ಕಾಯುವವರಿದ್ದಾರೆ. ಆ ಎರಡು ಚೀಲ ಹತ್ತಿಗೆ ಮುಂದಿನ ವರ್ಷ ಇಡೀ ಊರು ಬೆಲೆ ತೆರುತ್ತದೆ.

ಯಾವ ಯಂತ್ರ?

ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಸ್ಲ್ಯಾಷರ್‌ನಲ್ಲಿ ಬ್ಲೇಡು ಫ್ಯಾನಿನಂತೆ ಅಡ್ಡಡ್ಡ ತಿರುಗುತ್ತದೆ. 35 ಎಚ್‌ಪಿ ಟ್ರ್ಯಾಕ್ಟರೂ ಅದನ್ನು ಎಳೆಯುತ್ತದೆ, ಆದರೆ ತುಂಡು ಉದ್ದುದ್ದ ಬೀಳುತ್ತವೆ. ಮಲ್ಚರ್‌ನಲ್ಲಿ ಉದ್ದನೆಯ ರೋಟರಿಗೆ ಸುತ್ತಲೂ ಸುತ್ತಿಗೆಯಂಥ ಬ್ಲೇಡುಗಳು ನೇತಾಡುತ್ತಿರುತ್ತವೆ. ಅವು ಕಟ್ಟಿಗೆಯನ್ನು ಕತ್ತರಿಸುವುದಷ್ಟೇ ಅಲ್ಲ, ಜಜ್ಜುತ್ತವೆ. ಜಜ್ಜಿದ್ದು ಬೇಗ ಕೊಳೆಯುತ್ತದೆ. ಬುಡ ಹೆಬ್ಬೆರಳಿನಷ್ಟು ದಪ್ಪ ಇರುವ ಹತ್ತಿಗೆ ನನ್ನ ಮತ ಮಲ್ಚರ್‌ಗೆ. 5 ಅಡಿ ಯಂತ್ರಕ್ಕೆ 45ರಿಂದ 50 ಎಚ್‌ಪಿ ಬೇಕು. ನಿಂತ ಕಟ್ಟಿಗೆಗೆ ನೇರ ರೋಟಾವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಹೊಡೆದು ನೋಡಿದವರೂ ಇದ್ದಾರೆ. ಉದ್ದ ಕಡ್ಡಿ ಸುತ್ತಿಕೊಂಡು ಗಳಿಗೆಗೊಮ್ಮೆ ನಿಲ್ಲುತ್ತದೆ.

ಮೂರು ನಾಲ್ಕು ಎಕರೆಗೆ ಸುಮ್ನೆ ಯಂತ್ರ ಕೊಳ್ಳಬೇಡಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ. ಕೊಳ್ಳಲೇಬೇಕು ಅಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಬಗ್ಗೆ ಕೇಳಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಜೊತೆಗಿರಲಿ. ಬಾಡಿಗೆ ಯಂತ್ರ ಬಂದ ಕೂಡಲೇ ಬಗ್ಗಿ ಬ್ಲೇಡು ಎಣಿಸಿ. ಎರಡು ಉದುರಿದ್ದರೆ ಇಡೀ ಯಂತ್ರ ನಡುಗುತ್ತದೆ, ಬೇರಿಂಗ್ ಹಾಳಾಗುತ್ತದೆ, ಪುಡಿಯೂ ಸರಿ ಆಗುವುದಿಲ್ಲ. ಹೊಸ ಬ್ಲೇಡು ಹಾಕುವಾಗ ಅದರ ಎದುರಿನದ್ದನ್ನೂ ಬದಲಿಸಿದರೆ ರೋಟರಿನ ತೂಕ ಸಮ ಇರುತ್ತದೆ.

ಹೊಲ ನಡೆದು ನೋಡಿ

ಇದನ್ನು ಯಾರೂ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ಹಂದಿ ಕಾಟಕ್ಕೆಂದು ಹಿಂದೆ ಯಾವಾಗಲೋ ಕಟ್ಟಿದ್ದ ತಂತಿಯ ತುಂಡು ಕಸದಲ್ಲಿ ಬಿದ್ದಿತ್ತು. ರೋಟರು ಅದನ್ನು ಎಳೆದುಕೊಂಡು ನೂಲಿನ ಉಂಡೆಯಂತೆ ಸುತ್ತಿಕೊಂಡಿತು. ಬಿಡಿಸಲು ಅರ್ಧ ದಿನ ಹೋಯಿತು. ಹಾಗಾಗಿ ಹಿಂದಿನ ದಿನವೇ ಸಾಲು ಸಾಲು ನಡೆಯಿರಿ. ತಂತಿ, ಹಗ್ಗ, ಕಲ್ಲು ಆರಿಸಿ. ಡ್ರಿಪ್ ಪೈಪು ಇದ್ದರೆ ಸುತ್ತಿ ತೆಗೆಯಿರಿ. ಬಾಂದುಕಲ್ಲು, ಬೋರ್‌ವೆಲ್ ಪೈಪು ಇರುವಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ.

ನೆಲ ಒಣಗಿರಬೇಕು. ಹಸಿ ಎರೆಹೊಲದಲ್ಲಿ ಟ್ರ್ಯಾಕ್ಟರ್ ಇಳಿಸಿದರೆ ಗಾಲಿ ತುಳಿದಲ್ಲಿ ಮಣ್ಣು ಗಟ್ಟಿಯಾಗಿ ಹೆಂಟೆ ಕಟ್ಟುತ್ತದೆ. ಬೆಳಗಿನ ಇಬ್ಬನಿ ಆರುವವರೆಗೂ ಕಾಯಿರಿ. ಬಿಸಿಲೇರಿದ ಮೇಲೆ ಕಡ್ಡಿ ಚಟಚಟ ಮುರಿಯುತ್ತದೆ.

ಕಟ್ಟುವುದು, ಓಡಿಸುವುದು

ಯಂತ್ರ ಜೋಡಿಸಿದ ಮೇಲೆ ಹಿಂದೆ ನಿಂತು ನೋಡಿ, ಎಡ ಬಲ ಒಂದೇ ಮಟ್ಟದಲ್ಲಿರಬೇಕು. ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವೆ ಮೇಲಿರುವ ಟಾಪ್ ಲಿಂಕ್ ಸರಳನ್ನು ತಿರುಗಿಸಿ ಮುಂದೆ ಹಿಂದೆಯೂ ಸಮ ಮಾಡಿ. ಎಂಜಿನ್ನಿನ ಶಕ್ತಿಯನ್ನು ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟಿನ ಪಿನ್ನು ಟಕ್ಕೆಂದು ಕೂತಿದೆಯೇ ಎಂದು ಎಳೆದು ನೋಡಿ. ಶಾಫ್ಟಿನ ಪ್ಲಾಸ್ಟಿಕ್ ಕವರ್ ಕಳಚಿಟ್ಟು ಓಡಿಸುವ ಚಾಳಿ ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬೇಡ. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟು ಪಂಚೆಯ ತುದಿ ಹಿಡಿದರೆ, ಕೈ ಬೀಸುವಷ್ಟು ಹೊತ್ತೂ ಸಿಗುವುದಿಲ್ಲ.

ಎತ್ತರ ನೆಲದಿಂದ 5ರಿಂದ 8 ಸೆಂಟಿಮೀಟರ್ ಇರಲಿ, ಅಂದರೆ ಮೂರು ನಾಲ್ಕು ಬೆರಳು. "ಇನ್ನೂ ಬುಡಕ್ಕೆ ಬರಲಿ" ಎಂದು ಇಳಿಸಿದರೆ ಬ್ಲೇಡು ಮಣ್ಣು ಹೊಡೆಯುತ್ತದೆ. ಬ್ಲೇಡು ಸವೆಯುತ್ತದೆ, ಡೀಸೆಲ್ ಸುಡುತ್ತದೆ, ಕಲ್ಲು ಚಿಮ್ಮುತ್ತದೆ.

ಈಗ ಮುಖ್ಯ ವಿಷಯ. ಬೆಳೆ ಇಲ್ಲದ ಜಾಗದಲ್ಲಿ ನಿಂತು, ಎಂಜಿನ್ ನಿಧಾನ ಇದ್ದಾಗಲೇ ಪಿಟಿಒ ಹಾಕಿ. ಆಮೇಲೆ ಮೀಟರಿನಲ್ಲಿ 540ರ ಗುರುತು ಬರುವವರೆಗೆ ಆಕ್ಸಿಲರೇಟರ್ ಏರಿಸಿ. ಸದ್ದು ಒಂದೇ ಸಮ ಬಂದ ಮೇಲೆ ಲೋ ಗೇರಿನಲ್ಲಿ ಸಾಲಿಗೆ ಇಳಿಯಿರಿ. ಪಿಟಿಒ ಜೋರು, ಗಾಲಿ ನಿಧಾನ. ನಾನು ಮೊದಲ ವರ್ಷ ಮಾಡಿದ್ದು ಇದರ ಉಲ್ಟಾ. ಡೀಸೆಲ್ ಉಳಿಸಲು ಎಂಜಿನ್ ಇಳಿಸಿ, ಹೊತ್ತು ಉಳಿಸಲು ಗೇರು ಏರಿಸಿದೆ. ಕಟ್ಟಿಗೆ ಪುಡಿಯಾಗದೆ ನೆಲಕ್ಕೆ ಚಾಪೆ ಹಾಸಿದಂತೆ ಮಲಗಿತು. ಮಲಗಿದ್ದನ್ನು ಯಂತ್ರ ಎರಡನೇ ಸಲ ಎತ್ತಲೇ ಇಲ್ಲ.

ಗಂಟೆಗೆ 3 ಕಿಲೋಮೀಟರ್, ಅಂದರೆ ನೀವು ಆರಾಮಾಗಿ ನಡೆಯುವುದಕ್ಕಿಂತ ನಿಧಾನ. ಮೂರಡಿ ಸಾಲಾದರೆ 5 ಅಡಿ ಯಂತ್ರ ಒಂದು ಸಲಕ್ಕೆ ಎರಡು ಸಾಲು ಹಿಡಿಯುತ್ತದೆ. ತಿರುವಿನ ಹೊತ್ತು ಕಳೆದರೆ ಗಂಟೆಗೆ ಹೆಚ್ಚುಕಮ್ಮಿ ಒಂದು ಎಕರೆ. ಬಾಡಿಗೆಯವನು ಅರ್ಧ ಗಂಟೆಯಲ್ಲಿ ಎಕರೆ ಮುಗಿಸಿದನೆಂದರೆ ಹಿಂದೆ ಹೋಗಿ ತುಂಡು ಹಿಡಿದು ನೋಡಿ. ಬೆರಳಿಗಿಂತ ಉದ್ದ ಇದ್ದರೆ ಇನ್ನೂ ಸಣ್ಣ ಗೇರಿಗೆ ಇಳಿಸಲು ಹೇಳಿ.

ತಿರುವಿನಲ್ಲಿ ಯಂತ್ರವನ್ನು ಜಾಸ್ತಿ ಎತ್ತಬೇಡಿ. ಎತ್ತಲೇಬೇಕಾದರೆ ಪಿಟಿಒ ಬಿಡಿಸಿ ಎತ್ತಿ, ಇಲ್ಲದಿದ್ದರೆ ಶಾಫ್ಟು ಓರೆಯಾಗಿ ಅದರ ಕ್ರಾಸ್ (ಬಾಗುವ ಕೀಲು) ಮುರಿಯುತ್ತದೆ. ಹಿಂದಿನ ರಬ್ಬರ್ ಪರದೆ ಅಥವಾ ಸರಪಳಿ ಹರಿದಿರಬಾರದು. ಸುತ್ತ 50 ಮೀಟರಿನಲ್ಲಿ ಯಾರೂ ಇರಬಾರದು, ಮಕ್ಕಳಂತೂ ಹೊಲಕ್ಕೇ ಬರಬಾರದು. ಕಸ ಸಿಕ್ಕಿಕೊಂಡರೆ ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಆಮೇಲೂ ರೋಟರು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಂತಿದ್ದು ಕಣ್ಣಾರೆ ನೋಡಿ ಕೈ ಹಾಕಿ. ಎತ್ತಿದ ಯಂತ್ರದ ಕೆಳಗೆ ಹೋಗುವ ಮೊದಲು ಮರದ ದಿಮ್ಮಿ ಆನಿಸಿ.

ಪುಡಿ ಆದ ಮೇಲೆ

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಅನ್ನುತ್ತಾರೆ. ಅರ್ಧ ಮಾತ್ರ ಮುಗಿದಿದೆ. ಬುಡ, ಬೇರು ಭೂಮಿಯಲ್ಲೇ ಇವೆ. ಸ್ವಲ್ಪ ತೇವ ಸಿಕ್ಕರೆ ಸಾಕು, ಬುಡದಿಂದ ಚಿಗುರುತ್ತದೆ. ಉದುರಿದ ಕಾಯಿ, ಬೀಜ ಮಣ್ಣಿನ ಮೇಲೆ ಇವೆ. ನಾಲ್ಕೈದು ದಿನ ಬಿಸಿಲಿಗೆ ಬಿಟ್ಟು ಆಳವಾಗಿ ಮಾಗಿ ಉಳುಮೆ ಮಾಡಿ. ಬುಡ ಮೇಲೆದ್ದು ಒಣಗುತ್ತದೆ, ಪುಡಿ ಮಣ್ಣೊಳಗೆ ಹೋಗುತ್ತದೆ.

ನೀರಾವರಿ ಇದ್ದರೆ ಒಂದು ಸಲ ನೀರು ಕೊಡಿ. ಒಣ ಮಣ್ಣಿನಲ್ಲಿ ಕಟ್ಟಿಗೆ ಕೊಳೆಯುವುದಿಲ್ಲ, ಗೆದ್ದಲು ಮಾತ್ರ ಬರುತ್ತದೆ. ವೇಸ್ಟ್ ಡಿಕಂಪೋಸರ್ (ಕಸ ಕೊಳೆಸುವ ಸೂಕ್ಷ್ಮಜೀವಿಗಳ ಮಿಶ್ರಣ) ಬಳಸುವವರು 200 ಲೀಟರ್ ನೀರಿಗೆ ಅದನ್ನೂ 2 ಕಿಲೋ ಬೆಲ್ಲವನ್ನೂ ಹಾಕಿ, ದಿನಾ ಕಲಕಿ, ವಾರದೊಳಗೆ ಸಿದ್ಧವಾದದ್ದನ್ನು ತೇವ ಇರುವ ಪುಡಿಯ ಮೇಲೆ ಚಿಮುಕಿಸಿ. ತೇವ ಇಲ್ಲದೆ ಹೊಡೆದರೆ ಬೆಲ್ಲ ದಂಡ. ಮಳೆಯಾಶ್ರಿತ ಹೊಲದವರು ಮುಂಗಾರಿನ ಮೊದಲ ಮಳೆಯವರೆಗೆ ಕಾಯಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು ಸಂಗತಿ. ಹತ್ತಿ ಕಟ್ಟಿಗೆ ಗಟ್ಟಿ ಜಾತಿ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಅದನ್ನು ಮಣ್ಣಿನಿಂದಲೇ ಸಾಲ ತೆಗೆಯುತ್ತವೆ. ಆ ಹೊತ್ತಿಗೆ ಬಿತ್ತಿದ ಬೆಳೆ ಹಳದಿ ತಿರುಗುತ್ತದೆ. ನಾನು ತೇವ ಆದ ಮೇಲೆ ಎಕರೆಗೆ ಅರ್ಧ ಚೀಲದಷ್ಟು ಯೂರಿಯಾ ಎರಚುತ್ತೇನೆ. ಸಾಧ್ಯವಾದರೆ ಆ ವರ್ಷ ಅದೇ ಹೊಲಕ್ಕೆ ಹತ್ತಿ ಬೇಡ, ತೊಗರಿಯೋ ಜೋಳವೋ ಹಾಕಿ.

ಉಳುಮೆಯಾಗಿ ಹದಿನೈದು ದಿನಕ್ಕೆ, ನೀರು ಕೊಟ್ಟವರು ಹತ್ತೇ ದಿನಕ್ಕೆ, ಹೊಲಕ್ಕೆ ಒಂದು ಸುತ್ತು ಹಾಕಿ. ಬದುವಿನ ಅಂಚಿಗೆ, ತಿರುವಿನ ಮೂಲೆಗೆ ನೇಗಿಲು ತಪ್ಪಿದ ಬುಡಗಳು ಹಸಿರು ಚಿಗುರು ಬಿಟ್ಟಿರುತ್ತವೆ. ಹತ್ತಿಪ್ಪತ್ತು ಇರಬಹುದು, ಕೈಯಲ್ಲೇ ಕಿತ್ತು ಬನ್ನಿ.